ಶಾಲೆ ಬಿಟ್ಟ ಮಕ್ಕಳಿಗಾಗಿ ಒಂದು ಕಲಿಕಾ ಕೇಂದ್ರ: ಕುಂಬಳೆಯ ಅನುಭವ

ಒಂಬತ್ತನೆಯ ತರಗತಿಯ ನಡುವೆಯೇ ಶಾಲೆಗೆ ಬೆನ್ನು ಹಾಕಿದ ಅಕ್ಕನ ಮಗನನ್ನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಕಲಿಕಾ ಕೇಂದ್ರವೊಂದಕ್ಕೆ ಸೇರಿಸಿದ ಮೇಲೆ, ಅಲ್ಲಿನ ಕ್ರಮವನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರಿರುತ್ತಾರೆ. ಆರಂಭದ ವಾರಗಳಲ್ಲಿ ಅವರು ಪುಸ್ತಕ ತೆರೆಸುವುದಿಲ್ಲ, ಹುಡುಗನ ಮಾತಿಗೆ ಕಿವಿಗೊಡುತ್ತಾರೆ. ಗಣಿತವೆಂದರೆ ಮುಖ ತಿರುಗಿಸುತ್ತಿದ್ದ ಇವನ ಮುಂದೆ ಅಡಿಕೆ ಅಂಗಡಿಯ ಚೀಟಿಯನ್ನಿಟ್ಟು, ಚಾಲಿಯಿಂದ, ಅಂದರೆ ಒಣಗಿಸಿ ಸುಲಿದ ಅಡಿಕೆಯಿಂದ, ಕೆಳದರ್ಜೆಯ ಪಟೋರ, ಕರಿಗೋಟುಗಳನ್ನು ಬೇರ್ಪಡಿಸಿದಾಗ ಕಿಲೋಗೆ ಸರಾಸರಿ ಎಷ್ಟು ಸಿಕ್ಕಿತೆಂದು ಲೆಕ್ಕ ಹಾಕಿಸಿದರು. ಶೇಕಡಾವಾರು ಅವನ ತಲೆಗೆ ಹತ್ತಿದ್ದು ಆಗಲೇ. ತೋಟದ ಮನೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನಂತೂ ಕಂಡಿಲ್ಲ.

ಪರೀಕ್ಷೆಗೆ ಇವರು ಆರಿಸಿಕೊಂಡಿರುವುದು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನಡೆಸುವ ಮುಕ್ತ ಶಾಲಾ ವ್ಯವಸ್ಥೆ. 14 ವರ್ಷ ತುಂಬಿದವರು ಅದರ ಸೆಕೆಂಡರಿ (ಹತ್ತನೆಯ ತರಗತಿಯ) ಹಂತಕ್ಕೆ ನೋಂದಾಯಿಸಿಕೊಂಡು, ವರ್ಷಕ್ಕೆ ಎರಡು ಬಾರಿ ನಡೆಯುವ ಸಾರ್ವಜನಿಕ ಪರೀಕ್ಷೆಗಳಲ್ಲಿ ವಿಷಯಗಳನ್ನು ಒಂದೊಂದಾಗಿ 5 ವರ್ಷಗಳೊಳಗೆ ಮುಗಿಸಬಹುದಾದ್ದರಿಂದ, ಒಂದೇ ಏಟಿಗೆ ಎಲ್ಲವನ್ನೂ ಬರೆಯಬೇಕೆಂಬ ಭಯವಿರುವುದಿಲ್ಲ. ವಯಸ್ಸು 17 ದಾಟಿದ್ದರೆ ಕೇರಳ ಸಾಕ್ಷರತಾ ಮಿಷನ್‌ನ ಹತ್ತನೆಯ ತರಗತಿ ತತ್ಸಮಾನ ಪರೀಕ್ಷೆಯೂ ಉಂಟು.

ಕೊರತೆಗಳಿಲ್ಲವೆಂದಲ್ಲ. ಸೂಚನೆಗಳೆಲ್ಲ ಮಲಯಾಳದಲ್ಲೇ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಹೆತ್ತವರು ಅವುಗಳನ್ನು ಪಕ್ಕದ ಮನೆಯವರಿಂದ ಓದಿಸಿಕೊಳ್ಳಬೇಕಾಗುತ್ತದೆ. ಗಡಿನಾಡಿನಲ್ಲಿ ಇದು ಹೊಸ ದೂರೇನೂ ಅಲ್ಲ, ಆದರೂ ಇಂಥ ಕೇಂದ್ರದಿಂದ ಹೆಚ್ಚಿನದನ್ನು ನಿರೀಕ್ಷಿಸಿದ್ದೆ. ಮಾರ್ಗದರ್ಶಕರು ನಡುವೆ ಬದಲಾದಾಗ ಹುಡುಗ ಮತ್ತೆ ಮಂಕಾದ. ಹೊಸಬರನ್ನು ಮೊದಲೇ ಪರಿಚಯಿಸಬಹುದಿತ್ತು. ಶುಲ್ಕ ಮಾತ್ರ ನ್ಯಾಯವಾಗಿದೆ, ಕಂತಿನಲ್ಲಿಯೂ ಕಟ್ಟಬಹುದು.