ಗಾಳಿಗೆ ತಿರುಗುವ ಬೋರ್ಡ್ ಮಾಡಿಸುವ ಮುಂಚೆ ಇದನ್ನು ಓದಿ

ಗದಗಿನಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಇಲ್ಲಿನ ಗಾಳಿ ಗೊತ್ತಲ್ವಾ, ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ಗಾಳಿ ಫ್ಯಾನು ನಿಲ್ಲಿಸಿರುವುದು ಸುಮ್ನೆ ಅಲ್ಲ. ಆ ಗಾಳಿಗೇ ತಿರುಗುವ ಬೋರ್ಡ್ ಇದ್ದರೆ ಕರೆಂಟೂ ಬೇಡ, ದೂರದಿಂದ ಕಣ್ಣಿಗೂ ಬೀಳುತ್ತದೆ ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾಡಿಸಿದೆ.

200 ಲೀಟರಿನ ಬ್ಯಾರೆಲ್ಲನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನು ಎಸ್ ಆಕಾರಕ್ಕೆ ಜೋಡಿಸಿದರು. ಗಾಳಿ ಯಾವ ಕಡೆಯಿಂದ ಬಂದರೂ ಅದು ತಿರುಗುತ್ತದೆ. (ಎಣ್ಣೆ ತುಂಬಿದ್ದ ಹಳೇ ಬ್ಯಾರೆಲ್ಲಿಗೆ ಗ್ಯಾಸ್ ಕಟ್ಟರ್ ಹಿಡಿಯಲು ಬಿಡಬೇಡಿ. ಒಳಗಿನ ಆವಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ.) ನಡುವೆ ಒಂದೂಕಾಲು ಇಂಚಿನ ಪೈಪು, ಮೇಲೊಂದು ಕೆಳಗೊಂದು ಬೇರಿಂಗ್. ಪೈಪಿನ ಬುಡವನ್ನು ಪ್ಲೇಟಿಗೆ ಬೆಸೆದು ತಾರಸಿ ಅಂಚಿಗೆ ಬೋಲ್ಟ್ ಹಾಕಿದರು. ಒಂದು ಹೋಳಿಗೆ 'ಊಟ ತಯಾರಿದೆ' ಅಂತ ದಪ್ಪ ತಗಡಿನ ಅಕ್ಷರ. ಇನ್ನೊಂದಕ್ಕೆ ಬರೀ ಬಣ್ಣ.

ತಪ್ಪಾಗಿದ್ದು ಅಲ್ಲೇ. ಒಂದು ಕಡೆ ಭಾರ ಜಾಸ್ತಿಯಾದರೆ ಪ್ರತಿ ಸುತ್ತಿಗೂ ಪೈಪನ್ನು ಎಳೆದಾಡುತ್ತದೆ. ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟು. ಗಾಳಿಯ ಒತ್ತಡದ ಲೆಕ್ಕವೂ ಹಾಗೇ.

ತಿಂಗಳೊಳಗೆ ಕಿರ್ ಕಿರ್ ಸದ್ದು ಶುರುವಾಯಿತು. "ಗ್ರೀಸ್ ಹಚ್ರಿ, ಸರಿ ಹೋಗ್ತೈತಿ" ಅಂದರು ವೆಲ್ಡಿಂಗಿನವರು. ಹಚ್ಚಿದೆ, ಸದ್ದು ನಿಂತಿತು. "ಬುಡದಾಗ ಅಳ್ಳಾಡಾಕತ್ತೈತಿ ನೋಡ್ರಿ" ಅಂತ ಮನೆಯವಳು ಎರಡು ಸಲ ಹೇಳಿದಳು. ನಾನು ಮೇಲೆ ಹತ್ತಿ ನೋಡಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಪೈಪು ಬುಡದಲ್ಲೇ ಮುರಿದು, ಇಡೀ ಬ್ಯಾರೆಲ್ಲು ರಸ್ತೆಗೆ ಬಿತ್ತು. ಕೆಳಗೆ ದಿನಾ ಹೂ ಮಾರುವ ಅಜ್ಜಿ ಆಗಷ್ಟೇ ನೀರು ಕೇಳಿಕೊಂಡು ಒಳಗೆ ಬಂದಿದ್ದರು. ಅವರ ಬುಟ್ಟಿ ನೆಲಕ್ಕೆ ಅಂಟಿಹೋಗಿತ್ತು. ಸುತ್ತ ಸೇವಂತಿಗೆ ಚೆಲ್ಲಾಡಿತ್ತು. ಅಜ್ಜಿ ಚೊಂಬು ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದರು. ಇವತ್ತಿಗೂ ನನ್ನ ಕೈ ನಡುಗುತ್ತದೆ.

ಆಮೇಲೆ ಮುರಿದ ಪೈಪು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಭಾಗ ಕಂದು ತುಕ್ಕು, ಉಳಿದದ್ದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ವಾರಗಟ್ಟಲೆ ಮುಂಚೆಯೇ ಬಿರುಕು ಬಿಟ್ಟಿತ್ತು.

ಮಾಡಿಸಲೇಬೇಕು ಅಂತಿದ್ದರೆ ಎರಡೂ ಹೋಳಿಗೆ ಸಮ ತೂಕ ಇರಲಿ. ಏರಿಸುವ ಮುಂಚೆ ಪೈಪನ್ನು ಅಡ್ಡಲಾಗಿ ಇಟ್ಟು ಬ್ಯಾರೆಲ್ಲನ್ನು ಕೈಯಲ್ಲಿ ತಿರುಗಿಸಿ. ಪ್ರತಿ ಸಲ ಒಂದೇ ಕಡೆ ಕೆಳಗೆ ಬಂದು ನಿಂತರೆ ಅಲ್ಲಿ ಭಾರ ಹೆಚ್ಚಿದೆ. ಬುಡಕ್ಕೆ ನಾಲ್ಕು ಕಡೆ ತ್ರಿಕೋನದ ಪಟ್ಟಿ ಬೆಸೆಸಿ. ಜೋರು ಗಾಳಿಗೆ ತಿರುಗದಂತೆ ತಡೆಯಲು ಒಂದು ಪಿನ್ ಬೇಕೇ ಬೇಕು. ಜನ ಓಡಾಡುವ ಕಡೆಗಂತೂ ಬೇಡವೇ ಬೇಡ. ಪ್ರತಿ ವಾರ ಮೇಲೆ ಹತ್ತಿ ನೋಡಿ. ವೆಲ್ಡಿಂಗ್ ಪಕ್ಕ ಕೂದಲೆಳೆಯಷ್ಟು ಕಂದು ಗೆರೆ ಕಂಡರೂ ಅವತ್ತೇ ಇಳಿಸಿ.