1824ರ ಕ್ರೀಗ್ಸ್‌ಪೀಲ್ ಅನ್ನೋ ಯುದ್ಧದಾಟ ಆಡಿ ನೋಡಿದೆ, ಆರ್ಡರ್ ಬರೆಯೋದು ಕಲಿಯೋಕೆ ಇವತ್ತಿಗೂ ಇದೇ ಬೆಸ್ಟ್

ಕಂಪ್ಯೂಟರ್‌ನಲ್ಲಿ ಕಮಾಂಡ್: ಮಾಡರ್ನ್ ಆಪರೇಶನ್ಸ್ ಅನ್ನೋ ಯುದ್ಧದ ಗೇಮ್ ತುಂಬಾ ದಿನದಿಂದ ಆಡ್ತಿದೀನಿ, ಅದ್ರ ಪ್ರೊಫೆಷನಲ್ ಎಡಿಷನ್ ಮಿಲಿಟರಿಗಳಿಗೂ ಹೋಗತ್ತೆ, ರಾಡಾರ್ ಮಿಸೈಲ್ ವಿಷ್ಯ ತಿಳ್ಕೊಳೋಕೆ ನಂಗೆ ಅದೇ ಗುರು. ಆದ್ರೆ ಅಲ್ಲಿ ಯೂನಿಟ್ ಮೇಲೆ ಕ್ಲಿಕ್ ಮಾಡಿದ್ರೆ ಮುಗೀತು, ನಾನು ಅಂದ್ಕೊಂಡಿದ್ದು ಅದಕ್ಕೆ ಹಾಗೇ ತಲುಪತ್ತೆ. ಕಮಾಂಡರ್ ಕೆಲ್ಸ ಹಂಗಿರಲ್ಲ ಅನ್ನೋದು ನಂಗೆ ಮೈಗೆ ಹತ್ತಿದ್ದು ಹಳೇ ಜರ್ಮನ್ ರಾಜ್ಯ ಪ್ರಷ್ಯಾದ ಲೆಫ್ಟಿನೆಂಟ್ ರೈಸ್ವಿಟ್ಸ್ 1824ರಲ್ಲಿ ಹೊರತಂದ ಕ್ರೀಗ್ಸ್‌ಪೀಲ್ ಆಡಿದ್ಮೇಲೇನೆ.

1:8000 ಸ್ಕೇಲ್ ಮ್ಯಾಪು, ಎರಡು ಕಡೆಯ ಸೈನ್ಯಕ್ಕೆ ಕೆಂಪು ನೀಲಿ ಬಿಲ್ಲೆಗಳು, ಒಂದು ಟರ್ನ್ ಅಂದ್ರೆ 2 ನಿಮಿಷ. ಪೂರ್ತಿ ಮ್ಯಾಪ್ ಕಾಣೋದು ಅಂಪೈರ್‌ಗೆ ಮಾತ್ರ, ನಾವು ಚೀಟೀಲಿ ಆರ್ಡರ್ ಬರ್ದು ಕೊಡ್ಬೇಕು, ಆ ಚೀಟಿ ಕುದುರೆ ಮೇಲೆ ಹೋಗೋಕೆ ಎಷ್ಟು ಹೊತ್ತಾಗತ್ತೋ ಅಷ್ಟು ಟರ್ನ್ ಕಾಯ್ಬೇಕು. ನಾನು ನಮ್ಮ ಕಡೆಯ ಇನ್ನೊಬ್ಬನಿಗೆ "ಗುಡ್ಡ ಹಿಡಿದು ನಿಲ್ಲಿ" ಅಂತ ಬರ್ದೆ. ಅವ್ನಿದ್ದ ಜಾಗದ ಹತ್ರ ಎರಡು ಗುಡ್ಡ ಇತ್ತು! ಅವ್ನು ಹತ್ರದ್ದಕ್ಕೆ ಹೋದ, ಸುದ್ದಿ ವಾಪಸ್ ಬರೋಷ್ಟ್ರಲ್ಲಿ ಸೇತುವೆ ಕೈತಪ್ಪಿ ಹೋಗಿತ್ತು, ತಪ್ಪು ಪೂರ್ತಿ ನನ್ನ ಚೀಟೀದು. ಆವತ್ತಿಂದ ಯಾವ ಊರಿನ ಯಾವ ದಿಕ್ಕಿನ ಗುಡ್ಡ, ಎಷ್ಟು ಗಂಟೆವರೆಗೆ, ಯಾಕೆ, ಎಲ್ಲಾ ಬರೀತೀನಿ. ಆಗಿನ ಪ್ರಷ್ಯಾ ಜನರಲ್ ಸ್ಟಾಫ್ (ಸೈನ್ಯದ ಯೋಜನೆ ಮಾಡೋ ಅಧಿಕಾರಿಗಳ ತಂಡ) ಮುಖ್ಯಸ್ಥ ಮುಫ್ಲಿಂಗ್ ಇದನ್ನ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ್ದು ಯಾಕೆ ಅಂತ ಆ ಒಂದು ಚೀಟೀಲೇ ಅರ್ಥ ಆಯ್ತು.

ಕಷ್ಟ ಏನಂದ್ರೆ ಲೆಕ್ಕ. ದಾಳ ಹಾಕು, ಲೆಕ್ಕದ ಟೇಬಲ್ ನೋಡು, ಸಾವುನೋವು ಕಳಿ, ಅಂಪೈರ್ ಸುಸ್ತಾಗಿ ಹೋಗ್ತಾರೆ. 1876ರಲ್ಲಿ ವೆರ್ಡಿ ಡು ವೆರ್ನ್ವಾ ಅನ್ನೋ ಅಧಿಕಾರಿ ಆ ಟೇಬಲ್ಲೆಲ್ಲ ಬಿಟ್ಟು ಅನುಭವಸ್ಥ ಅಂಪೈರ್ ತೀರ್ಪೇ ಸಾಕು ಅಂದ್ರು, ನಾವೂ ಎರಡ್ನೇ ಸಲ ಹಂಗೇ ಆಡಿದ್ವಿ, ಆಟ ಓಡ್ತು. ಆದ್ರೆ ಹಂಗೆ ಆಡ್ಬೇಕಂದ್ರೆ ಅಂಪೈರ್ ಯಾರ ದಾಕ್ಷಿಣ್ಯಕ್ಕೂ ಬಗ್ಗಬಾರ್ದು. 1942ರ ಮೇ ತಿಂಗಳಲ್ಲಿ ಜಪಾನ್ ನೌಕಾಪಡೆ ಅಮೆರಿಕದ ಮಿಡ್‌ವೇ ದ್ವೀಪದ ಮೇಲಿನ ದಾಳೀನ ಮೇಜಿನ ಮೇಲೆ ಆಡಿ ನೋಡ್ದಾಗ ತಮ್ಮ ಹಡಗುಗಳಿಗೆ ಒಂಬತ್ತು ಬಾಂಬ್ ಬಿತ್ತು ಅಂತ ಅಂಪೈರ್ ಹೇಳಿದ್ದನ್ನ ಅಡ್ಮಿರಲ್ ಉಗಾಕಿ ಮೂರಕ್ಕೆ ಇಳಿಸಿದ್ರು. ಜೂನ್‌ನಲ್ಲಿ ನಿಜವಾದ ದಾಳೀಲಿ ಜಪಾನ್‌ನ 4 ಕ್ಯಾರಿಯರ್ (ವಿಮಾನ ಹೊರೋ ಹಡಗು) ಮುಳುಗಿದ್ವು. ಇದನ್ನ ಓದ್ದಾಗೆಲ್ಲ ಹೊಟ್ಟೆ ಹಿಂಡತ್ತೆ.

ಶುರು ಮಾಡೋರು ಕನಿಷ್ಠ ಐದು ಜನ ಇರಿ, ಎರಡು ಕಡೆಗೂ ಇಬ್ಬಿಬ್ರು, ರೂಲ್ಸ್ ಮೊದ್ಲೇ ಓದ್ಕೊಂಡಿರೋ ಒಬ್ರು ಅಂಪೈರ್. ಒಂದೇ ಕಡೆಯವ್ರನ್ನೂ ಬೇರೆ ಬೇರೆ ರೂಮಲ್ಲಿ ಕೂರ್ಸಿ, ಬಾಯಲ್ಲಿ ಮಾತಾಡೋಕೆ ಬಿಡ್ಲೇಬೇಡಿ, ಎಲ್ಲಾ ಚೀಟೀಲೇ ಹೋಗ್ಲಿ. ಚೀಟಿಗಳನ್ನ ಎಸೀಬೇಡಿ, ಆಟ ಮುಗಿದ್ಮೇಲೆ ಒಂದೊಂದೇ ತೆಗ್ದು ಎಲ್ರೂ ಕೂತು ಓದಿ.