ಬಾಜೂ ಮನಿ ಕಾಕಾನ ಅರ್ಧ ಮುಖ ಉಳಿಯಬೇಕಂದ್ರ: ಕ್ಯಾನನ್ ಲೈಡ್ 300 ಸ್ಕ್ಯಾನರ್

ಆಲಮಟ್ಟಿ ಹಿನ್ನೀರಿಗೆ ಹೋದ ಊರುಗಳ ಓಣಿ ಈಗ ಇರುವುದು ಮದುವೆ ಫೋಟೋಗಳ ಅಂಚಿನಲ್ಲಿ. ನಡುವೆ ಮದುಮಕ್ಕಳು, ಬಲತುದಿಗೆ ಅರ್ಧ ಮುಖದ ಬಾಜೂ ಮನಿ ಕಾಕಾ, ಅವನ ಹಿಂದೆ ಅವರ ಕಟ್ಟೆ, ತಲಬಾಗಿಲು. ಈ ಸ್ಕ್ಯಾನರನ್ನು ಅಳೆಯಬೇಕಾದದ್ದೂ ಆ ಅಂಚಿನ ಲೆಕ್ಕದಲ್ಲೇ.

ತೂಕ ಸುಮಾರು 1.7 ಕಿಲೋ. ಬೇರೆ ಅಡಾಪ್ಟರ್ ಬೇಡ, ಲ್ಯಾಪ್‌ಟಾಪಿನ ಯುಎಸ್‌ಬಿ ವೈರಿನಿಂದಲೇ ನಡೆಯುತ್ತದೆ. ಒಂದೇ ಓಣಿಯವರು ಬಾಗಲಕೋಟೆ ನವನಗರದ ಸೆಕ್ಟರುಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋಗಿರುವಾಗ ಇದನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗಬಹುದು. ಆಲ್ಬಮ್ ಹೊರಗೆ ಕೊಡಲು ಹಿರಿಯರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಮುಂದುಗಡೆ ನಾಲ್ಕು ಬಟನ್ ಇವೆ. ಆಟೋ ಸ್ಕ್ಯಾನ್ ಮುಟ್ಟಬೇಡಿ. ಅದು ಫೋಟೋದ ಗಡಿಯನ್ನು ತಾನೇ ಊಹಿಸಿ ಕತ್ತರಿಸುತ್ತದೆ. ಅಂಚು ಕಪ್ಪಾಗಿದ್ದರೆ ಕಾಕಾನ ಭುಜವೂ ಹೋದೀತು. ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಜಾಗವನ್ನು ಕೈಯಿಂದಲೇ, ಸುತ್ತ ಅರ್ಧ ಸೆಂಟಿಮೀಟರ್ ಹೆಚ್ಚು ಬಿಟ್ಟು, ಗುರುತು ಮಾಡಿ. ಕಪ್ಪು-ಬಿಳುಪು ಫೋಟೋವನ್ನೂ ಕಲರ್‌ನಲ್ಲೇ ತೆಗೆಯಿರಿ, ಹಳದಿ ಕಲೆಯನ್ನು ಆಮೇಲೆ ಬೇರ್ಪಡಿಸಲು ಸುಲಭ.

4×6 ಇಂಚಿನದಕ್ಕೆ 600 ಡಿಪಿಐ (ಒಂದು ಇಂಚಿಗೆ ಓದುವ ಚುಕ್ಕಿಗಳ ಲೆಕ್ಕ) ಸಾಕು. ವಿವರ ಕಳೆಯದೆ ಉಳಿಸುವ ಟಿಫ್ ಫೈಲ್ ಒಂದಕ್ಕೆ ಸುಮಾರು 26 ಎಂಬಿ, ನೂರು ಫೋಟೋಗೆ 2.6 ಜಿಬಿ. ಪಾಸ್‌ಪೋರ್ಟ್ ಸೈಜಿಗೆ, ಗುಂಪು ಫೋಟೋದಲ್ಲಿ ಕಡಲೆಕಾಳಿನಷ್ಟೇ ಕಾಣುವ ಮುಖಗಳಿಗೆ 1200. ಯಂತ್ರ 2400ರವರೆಗೆ ಹೋಗುತ್ತದೆ, ಆದರೆ ಕಾಗದದ ಪ್ರಿಂಟಿನಲ್ಲಿ ಅಷ್ಟು ವಿವರವೇ ಇರುವುದಿಲ್ಲ. ಸಿಗುವುದು ಕಾಗದದ ನಾರು.

ಸೋಲುವುದು ಕಟ್ಟು ಹಾಕಿಸಿದ ಫೋಟೋಗಳಲ್ಲಿ. ಇದರ ಸಿಐಎಸ್ ಸೆನ್ಸರಿಗೆ (ಗಾಜಿನ ಕೆಳಗೆ ತೀರಾ ಹತ್ತಿರದಿಂದ ಓದುವ ಬಗೆ) ಫೋಟೋ ಗಾಜಿಗೆ ತಾಗಿಯೇ ಇರಬೇಕು. ಎರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಸುರುಳಿಯಾದದ್ದರ ಮುಚ್ಚಳದ ಮೇಲೆ ಒಂದು ಪುಸ್ತಕ ಇಟ್ಟರೆ ಸರಿಹೋಗುತ್ತದೆ, ಬಿರುಕು ಬಿಟ್ಟಿದ್ದರೆ ಒತ್ತಬೇಡಿ. ಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರಂತೂ ಕೀಳಲೇಬೇಡಿ, ಚಿತ್ರದ ಪದರ ಗಾಜಿನ ಮೇಲೇ ಉಳಿದು ಕೈಗೆ ಬರೀ ಬಿಳಿ ಕಾಗದ ಬರುತ್ತದೆ. ಅದನ್ನು ಕಿಟಕಿ ಬೆಳಕಿನಲ್ಲಿ, ಗಾಜಿನಲ್ಲಿ ಪ್ರತಿಬಿಂಬ ಮೂಡದಂತೆ ನಿಮ್ಮ ಬೆನ್ನಹಿಂದೆ ಕಪ್ಪು ಬಟ್ಟೆ ಕಟ್ಟಿಕೊಂಡು, ಮೊಬೈಲಿನಲ್ಲಿ ನೇರವಾಗಿ ಹೊಡೆಯುವುದೇ ಮೇಲು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಕಡಲದಂಡೆಯ ಊರು ಬಿಟ್ಟುಬಂದವರ ಆಲ್ಬಮ್ ಆದರೆ ಬೂಷ್ಟಿನ ಕಾಟ ಇನ್ನೂ ಹೆಚ್ಚು. ಒದ್ದೆ ಬಟ್ಟೆ ತಾಗಿಸಬಾರದು. ಒಣಗಿಸಿ, ಮೆತ್ತನೆ ಬ್ರಷ್ಷಿನಿಂದ ಉದುರಿಸಿ.

ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಮುಂಬದಿಯ ನಂಬರನ್ನೇ ಕೊಡಿ. ಸ್ಟುಡಿಯೋ ಸಿಕ್ಕಾ, ತಾರೀಖು, ಯಾರೋ ಬರೆದಿಟ್ಟ ಹೆಸರು ಅಲ್ಲೇ ಇರುತ್ತವೆ. ಹೊಸದಾಗಿ ಹೆಸರು ಸೇರಿಸುವುದಾದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಒತ್ತು ಮುಂದೆ ಮೂಡುತ್ತದೆ. 'ಅಲ್ಲಿ ನಿಂತಾಕಿ ಯಾರ್ರಿ ಅತ್ತಿ?' ಎಂದು ಕೇಳುವಾಗ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿ, ಚಾಳೀಸು ಇಲ್ಲದೆಯೂ ಗುರುತು ಸಿಗುತ್ತದೆ.

ಮುಖ 'ಸ್ವಚ್ಛ' ಮಾಡುವ ಎಐ ಆ್ಯಪ್‌ಗಳಿಗೆ ಈ ಫೈಲ್ ಕೊಡಬೇಡಿ. ಮಸುಕಾದ ಕಣ್ಣುಮೂಗಿನ ಜಾಗದಲ್ಲಿ ಅವು ಬೇರೆ ಯಾರದೋ ಕಣ್ಣುಮೂಗು ಕೂರಿಸುತ್ತವೆ, ಇಳಕಲ್ ಸೀರೆಗೆ ಮನಸ್ಸಿಗೆ ಬಂದ ಬಣ್ಣ ಬಳಿಯುತ್ತವೆ. ವಾಟ್ಸಾಪಿನಲ್ಲಿ ಕಳಿಸುವುದಿದ್ದರೆ, ವಿವರ ಕುಗ್ಗದಂತೆ, ಡಾಕ್ಯುಮೆಂಟ್ ಆಗಿ ಕಳಿಸಿ.

ನೆಗೆಟಿವ್ ಇಟ್ಟುಕೊಂಡವರು ಇದನ್ನು ಕೊಳ್ಳಬೇಡಿ, ಇದಕ್ಕೆ ಫಿಲ್ಮ್ ಓದಲು ಬರುವುದಿಲ್ಲ. ಎಪ್ಸನ್ ವಿ600 ಸ್ಕ್ಯಾನರ್ ದೊಡ್ಡದು, ದುಬಾರಿ, ಕರೆಂಟೂ ಬೇಕು. ಆದರೆ 35 ಎಂಎಂ ಫಿಲ್ಮ್, ಅದಕ್ಕಿಂತ ಅಗಲದ 120 ರೋಲ್ ಫಿಲ್ಮ್ ಎರಡನ್ನೂ ಓದುತ್ತದೆ.